ಲಿಂಗಕ್ಕೆ ತೋರಿಸಿದ ಪುಡಿ

ಗೊರೇಬಾಳದ ವೀರಭದ್ರಮ್ಮ ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಉಣ್ಣುವುದನ್ನು ಮೊದಲು ಅದರ ಮುಂದೆ ಹಿಡಿದು, ಆಮೇಲೆ ಬಾಯಿಗೆ. ಎರಡು ವರ್ಷದಿಂದ ಮೊಣಕಾಲು ಮಡಚಲಾಗದೆ ಕುರ್ಚಿಯ ಮೇಲೆ ಕೂತೇ ಪೂಜೆ ಮಾಡುತ್ತಿದ್ದಳು. ಅದೇ ಅವಳ ಕೊರಗು. ಮಗ ಗುರುಬಸವ ಸಿಂಧನೂರಿನಿಂದ ಮೊಣಕಾಲಿಗೆಂದು ಒಂದು ಪುಡಿ ತಂದ. ಸೊಸೆ ಶಿವಗಂಗಾ ಅದನ್ನು ಸ್ಟೀಲಿನ ಡಬ್ಬಿಗೆ ಸುರಿದು, ರಟ್ಟಿನ ಪೊಟ್ಟಣವನ್ನು ಒಲೆಗೆ ಹಾಕಿ, ದಿನಾ ಬೆಳಿಗ್ಗೆ ಹಾಲಿನಲ್ಲಿ ಕಲಸಿಕೊಟ್ಟಳು. ಜೊತೆಗೆ ಕಾಲಿಗೆ ಎಣ್ಣೆ ತಿಕ್ಕುವುದು, ಕಾಲುವೆಯ ತನಕ ನಡೆಸುವುದು. ನಲವತ್ತು ದಿನವಾಗುವಷ್ಟರಲ್ಲಿ ಅತ್ತೆ ನೆಲದ ಮೇಲೆ ಮಣೆ ಹಾಕಿಕೊಂಡು ಕೂತಳು.

ಪುಡಿ ತಳ ಕಂಡಾಗ ಶಿವಗಂಗಾ ತಾನೇ ಸಿಂಧನೂರಿಗೆ ಹೋದಳು. ಔಷಧಿ ಅಂಗಡಿಯ ಇಲಿಯಾಸ್ ಪೊಟ್ಟಣ ತೆಗೆದವನು ಅವಳ ಹಣೆಯ ವಿಭೂತಿ ನೋಡಿ ಅಲ್ಲೇ ನಿಂತ.

“ಅಕ್ಕಾರ, ಇದು ನಿಮಗ ನಡೀತದೇನ್ರಿ? ಸಮುದ್ರದ ಮೀನಿನ ಚರ್ಮದ್ದು.”

“ಮೀನಾ?”

“ಸೀದಾ ಮೀನಲ್ರೀ. ಅದರಾಗಿನ ಪ್ರೋಟೀನ್ ಒಡದು ಸಣ್ಣ ಸಣ್ಣ ತುಂಡು ಮಾಡ್ತಾರ. ಪೆಪ್ಟೈಡ್ ಅಂತಾರ. ಕಬ್ಬಿಣಕ್ಕ ತುಕ್ಕು ಹಿಡದಂಗ ಮೈಯೂ ಒಂದು ನಮೂನಿ ಸವೀತದಂತ, ಅದನ್ನ ತಡೀತದ ಅಂತ ಬರದಾರ. ಖರೇನೋ ಸುಳ್ಳೋ, ನಾ ಮಾರಾಂವ ಅಷ್ಟ.”

“ತುಂಡು ಮಾಡ್ಕೊಂತ ಹೋದ್ರ ಮೀನು ಎಲ್ಲಿಗೆ ಮುಗೀತದಪಾ?”

ಇಲಿಯಾಸ್ ತಲೆ ಕೆರೆದುಕೊಂಡ. “ಅದನ್ನ ಇದರ ಮ್ಯಾಲೆ ಬರದಿಲ್ರೀ.”

ಅವಳು ಕೊಳ್ಳದೆ ಬಂದಳು. ಮನೆಗೆ ಬಂದು ಡಬ್ಬಿ ತೆಗೆದು ಮೂಸಿದಳು. ವಲಸೆ ಬಂದವರ ಕ್ಯಾಂಪಿನ ಸಂತೆಯ ಮೀನಿನ ವಾಸನೆ ಅವಳಿಗೆ ಗೊತ್ತು; ಇದರಲ್ಲಿ ಏನೂ ಇಲ್ಲ. ಇಲ್ಲದ್ದಕ್ಕೇ ಇನ್ನಷ್ಟು ಗಲಿಬಿಲಿಯಾಯಿತು.

“ಪೊಟ್ಟಣದ ಮ್ಯಾಲೆ ನೀರಿನ ತೆರಿ ಚಿತ್ರ ಇತ್ತು, ಉಪ್ಪಿನಂಥಾದ್ದು ಅಂದ್ಕೊಂಡೆ,” ಎಂದ ಗುರುಬಸವ. “ಅವ್ವಗ ಹೇಳಬ್ಯಾಡ. ಕಾಲು ಮಡಚಾಕತ್ಯಾಳ.”

“ಲಿಂಗಕ್ಕ ತೋರಿಸ್ಯಾಳಲ್ರೀ, ದಿನಾ.”

ಗುರುಬಸವ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

ಮರುದಿನ ಬೆಳಿಗ್ಗೆ ಸೊಸೆಯ ಕೈ ರೂಢಿಯಂತೆ ಕೊನೆಯ ಚಮಚ ಕಲಸಿಬಿಟ್ಟಿತ್ತು. ಅತ್ತೆ ಲೋಟ ಎತ್ತಿ ಲಿಂಗದ ಮುಂದೆ ಹಿಡಿಯುವಾಗ ಶಿವಗಂಗಾ ತಡೆಯಲಾರದೆ ಹೇಳಿಬಿಟ್ಟಳು.

ವೀರಭದ್ರಮ್ಮ ಲೋಟವನ್ನು ಲಿಂಗದ ಮುಂದಿನಿಂದ ಹಿಂದಕ್ಕೆ ತಂದಳು. ಹಾಲಿನ ಮೇಲೆ ಕೆನೆ ಕಟ್ಟಿತು.

“ನಿನಗ ಯಾವಾಗ ಗೊತ್ತಾತು?”

“ನಿನ್ನಿ, ಅತ್ತಿ.”

“ತೋರಿಸಿ ಕುಡಿದ್ರ ಲಿಂಗಕ್ಕ ಮೀನು ಹಿಡದಂಗ. ತೋರಿಸದ ನಾ ಏನೂ ಕುಡ್ಯಾಕಿಲ್ಲ. ಕುಡೀದಿದ್ರ ನಾಳೆ ಮತ್ತ ಕುರ್ಚಿ.” ಲೋಟ ಕೆಳಗಿಟ್ಟಳು. “ನಲವತ್ತು ದಿನ ಈ ಲಿಂಗದಾಗಿನ ದೇವರಿಗೂ ಗೊತ್ತಾಗ್ಲಿಲ್ಲೇನು? ಗೊತ್ತಿದ್ದೂ ಸುಮ್ಮನಿದ್ನೋ? ನನಗ ತಿಳೀವಲ್ದವ್ವ.”

“ಸ್ವಾಮಿಗಳನ್ನ ಕೇಳೋಣೇನ್ರಿ?”

“ಅವರರ ಏನು ಹೇಳ್ಯಾರು? ಬರೇ ಹಾಲು ತಗೊಂಬಾ. ಬ್ಯಾರೆ ಲೋಟದಾಗ.”

ಬರಿಯ ಹಾಲನ್ನು ತೋರಿಸಿ ಕುಡಿದಳು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡು, ನೆಲಕ್ಕೆ ಕೈ ಊರಿದಳು. ಶಿವಗಂಗಾ ರಟ್ಟೆ ಹಿಡಿಯಲು ಬಗ್ಗಿದಳು.

“ಬಿಡ, ನೋಡೂಣು.”

ಎದ್ದು ನಿಂತಳು, ಒಬ್ಬಳೇ. ಒಳಗುಳಿದ ನಲವತ್ತು ದಿನದ ಪುಡಿ ಎಬ್ಬಿಸಿತೋ, ಎಣ್ಣೆಯೋ, ಬರಿಯ ಹಾಲೋ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

“ಖುಷಿ ಪಡಬೇಕೋ ಬ್ಯಾಡೋ?” ಎಂದಳು ವೀರಭದ್ರಮ್ಮ.