ಪಾಳಿಯ ಚಹಾ

ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಕಡೆ ಹೋಗುವ ಟಂಟಂ ಆಟೋಗಳು ಪಾಳಿಯಲ್ಲಿ ನಿಲ್ಲುತ್ತವೆ. ಮುಂದಿನ ಗಾಡಿ ತುಂಬಿ ಹೊರಡುವವರೆಗೆ ಹಿಂದಿನವನು ಒಬ್ಬ ಪ್ಯಾಸೆಂಜರನ್ನೂ ಕರೆಯುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾವ ಪೊಲೀಸನೂ ನಿಂತು ಕಾಯುವುದಿಲ್ಲ. ಆದರೂ ಪಾಳಿ ಮುರಿದವನನ್ನು ನಾನು ಕಂಡಿಲ್ಲ. ಹೆಂಡತಿಯ ಮಾತು ಮೀರುವ ಗಂಡಸರು ಸಹ ಪಾಳಿ ಮೀರುವುದಿಲ್ಲ. ನಾನು ಗುರುಲಿಂಗವ್ವ, ಸ್ಟ್ಯಾಂಡಿನ ಎದುರಿಗೇ ನನ್ನ ಚಹಾದ ಅಂಗಡಿ. ನನ್ನ ಬಾಯಿ ಜೋರು ಅನ್ನುತ್ತಾರೆ. ಜೋರಿಲ್ಲದಿದ್ದರೆ ಈ ಕ್ರಾಸಿನಲ್ಲಿ ಅಂಗಡಿ ನಡೆಸಲು ಆಗುತ್ತಿತ್ತೇ?

ಬೆಳಗಿನ ಮೊದಲ ಚಹಾಕ್ಕೂ ಒಂದು ರಿವಾಜು ಇದೆ. ಆ ದಿನ ಸಾಲಿನ ತಲೆಗೆ ನಿಂತವನು ಸಾಲಿನಲ್ಲಿದ್ದವರಿಗೆಲ್ಲ ಚಹಾ ಕುಡಿಸಬೇಕು. ನಾನು ಟ್ರೇ ಹಿಡಿದು ತಲೆಯಿಂದ ಬಾಲದವರೆಗೆ ಹೋಗುತ್ತೇನೆ. ಚಹಾ ಸಿಕ್ಕವನು ಸಾಲಿನವ, ಸಿಗದವನು ಹೊರಗಿನವ. ಹೊಸಬ ಯಾವನಾದರೂ ಗಾಡಿ ತಂದರೆ ಪಕ್ಕದ ಬೇವಿನ ಗಿಡದ ಕೆಳಗೆ ನಿಂತು ಕಾಯುತ್ತಾನೆ. ತಲೆಗೆ ನಿಂತವನು ನನಗೆ ‘ಒಂದು ಹೆಚ್ಚಿಗೆ ಹಿಡಿ’ ಎಂದರೆ ಮುಗಿಯಿತು, ಆತನಿಗೂ ಗ್ಲಾಸು ಹೋಗುತ್ತದೆ, ಆತನೂ ಸಾಲು ಸೇರುತ್ತಾನೆ. ಅದೇ ಅರ್ಜಿ, ಅದೇ ಮಂಜೂರಿ.

ಅಫ್ಸರ ಈ ಸಾಲಿನ ಹಳಬ. ಮಾಳಿಗೆ ಸೋರುತ್ತದೆಂದು ಮಣ್ಣು ಹಾಕಲು ಹತ್ತಿದವನು ಬಿದ್ದು ಸೊಂಟ ಮುರಿದುಕೊಂಡ. ಇನ್ನು ಗಾಡಿ ಹೊಡೆಯುವ ಮಾತು ಬಿಡು ಎಂದರು ಡಾಕ್ಟರು. ಅವನ ಹೆಂಡತಿ ನಾಹಿದಾ ಹಣೆ ಚಚ್ಚಿಕೊಂಡು ಕೂಡಲಿಲ್ಲ. ಗಾಡಿ ಕಲಿತಳು, ಲೈಸೆನ್ಸ್ ಮಾಡಿಸಿದಳು, ಒಂದು ಬೆಳಿಗ್ಗೆ ಗಂಡನ ಟಂಟಂ ತಂದು ಬೇವಿನ ಕೆಳಗೆ ನಿಲ್ಲಿಸಿದಳು. ಪಾಳಿ ಗಾಡಿಯದಲ್ಲ, ಮನುಷ್ಯನದು. ಗಂಡನ ಪಾಳಿ ಹೆಂಡತಿಗೆ ತಾನಾಗಿ ಬರುವುದಿಲ್ಲ. ಅದು ಆಕೆಗೂ ಗೊತ್ತಿತ್ತು. ಆದರೆ ಗಂಡಸರಿಗೆ ಎರಡು ದಿನದಲ್ಲಿ ಸಿಗುವ ಮಾತು ಆಕೆಗೆ ತಿಂಗಳು ಕಳೆದರೂ ಸಿಗಲಿಲ್ಲ. ದಿನಾ ಬರುವಳು, ದಿನಾ ಖಾಲಿ ಗಾಡಿ ಹೊಡೆದುಕೊಂಡು ಮನೆಗೆ ಹೋಗುವಳು.

ಒಂದು ಸಂಜೆ ಆಕೆ ಅಂಗಡಿಗೆ ಬಂದು ಮೆಲ್ಲಗೆ ಹೇಳಿದಳು: “ಅಕ್ಕಾರ, ಗಾಡಿ ಮಾರಾಕ ಮಾತಾಗೇತ್ರಿ, ನಾಳೆ ಮಧ್ಯಾಹ್ನ ಅಮೀನಗಡದವ್ರು ಒಯ್ಯಾಕ ಬರ್ತಾರ್ರಿ. ನಾ ಇನ್ನ ಮನ್ಯಾಗ ಕುಂದರತೇನಿ.”

ನನಗೆ ಮೈ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟ್ಯಾಂಡಿಗೆ ನಡೆದೆ. ಮೊದಲು ಸಿಕ್ಕವನು ಹಣಮೇಶ, ಸಾಲಿನ ಹುಡುಗರಲ್ಲಿ ಮುಂದಾಳು. ತನ್ನದೇನೂ ತಕರಾರಿಲ್ಲ, ಪಾಪದ ಹೆಣ್ಣುಮಗಳು, ಆದರೆ ಶಾಬುದ್ದೀನ ಕಾಕಾಗೆ ತಮ್ಮ ಮಂದಿಯ ಹೆಣ್ಣು ಸ್ಟ್ಯಾಂಡಿಗೆ ಬರುವುದು ಸೇರುವುದಿಲ್ಲ ಎಂದ. ಶಾಬುದ್ದೀನನ ಹತ್ತಿರ ಹೋದೆ. ಆತ ನಕ್ಕುಬಿಟ್ಟ. ತನ್ನ ಮಗಳೇ ಇಳಕಲ್ಲಿನಲ್ಲಿ ಸ್ಕೂಟಿ ಹತ್ತಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಾಳಂತೆ. ತಾನ್ಯಾಕೆ ಬೇಡ ಅನ್ನಲಿ? ಮಾಳಪ್ಪ ಹಿರಿಯ ಮನುಷ್ಯ, ಅವನ ಮನಸ್ಸಿಗೆ ಬರುವುದಿಲ್ಲ, ಅಷ್ಟೇ ಎಂದ. ಮಾಳಪ್ಪನನ್ನು ಹಿಡಿದೆ. ಬೀರಪ್ಪ ದೇವರ ಮೇಲೆ ಆಣೆ ಇಟ್ಟು ಹೇಳಿದ, ನಮ್ಮ ಮನೆಯ ಹೆಂಗಸರು ಕುರಿ ಹೊಡೆದುಕೊಂಡು ಊರೂರು ತಿರುಗಿದವರು, ನನಗೆ ಹೆಣ್ಣೇನು ಗಂಡೇನು. ಆದರೆ ಈ ಹಣಮೇಶನಂಥ ಹುಡುಗರು ಸಿಟ್ಟಾಗುತ್ತಾರೆ ಎಂದು.

ಗಾಣದ ಎತ್ತಿನಂತೆ ಸುತ್ತಿ ನಾನು ಮತ್ತೆ ಹಣಮೇಶನ ಹತ್ತಿರವೇ ಬಂದು ನಿಂತಿದ್ದೆ. ಬೇಡ ಎನ್ನುವವನು ಆ ಸಾಲಿನಲ್ಲಿ ಒಬ್ಬನೂ ಇರಲಿಲ್ಲ. ಆದರೂ ಸಾಲು ಬೇಡ ಎನ್ನುತ್ತಿತ್ತು. ಒಬ್ಬೊಬ್ಬರನ್ನೇ ಕೇಳಿದರೆ ಈ ಗಂಟು ಬಿಚ್ಚುವುದಿಲ್ಲ ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ತಲೆಗೆ ನಿಂತವನು ಮಾಳಪ್ಪ. ಟ್ರೇ ಹಿಡಿದು ಅವನಿಂದಲೇ ಶುರು ಮಾಡಿದೆ. ಬಾಲದಲ್ಲಿದ್ದ ಹಣಮೇಶನಿಗೆ ಕೊಟ್ಟಾದ ಮೇಲೆ ಎಂದಿನಂತೆ ತಿರುಗಲಿಲ್ಲ. ಸೀದಾ ಬೇವಿನ ಕೆಳಗೆ ಹೋಗಿ ನಾಹಿದಾಳ ಕೈಗೆ ಒಂದು ಗ್ಲಾಸು ಇಟ್ಟೆ. ಆಕೆ ಗಾಬರಿಯಾದಳು. ಹಿಡಿದುಕೊಂಡಳೇ ಹೊರತು ತುಟಿಗೆ ಹಚ್ಚಲಿಲ್ಲ.

ನಾನು ಮಾಳಪ್ಪನ ಎದುರು ಬಂದು ಸಾಲಿಗೆಲ್ಲ ಕೇಳುವಂತೆ ಹೇಳಿದೆ: “ಒಂದ ಗ್ಲಾಸ್ ಹೆಚ್ಚಾಗೇತಿ. ನಿನ್ನ ಲೆಕ್ಕಕ್ಕ ಹಿಡಿಲೋ, ಆಕಿ ಕೈಯಾಗಿಂದು ಕಸಗೊಂಡು ಚೆಲ್ಲಲೋ? ನಿನ್ನೆ ನನ್ನ ಮುಂದ ಒಬ್ಬನೂ ಬ್ಯಾಡ ಅಂದಿಲ್ಲ. ಬ್ಯಾಡ ಅನ್ನಾವ ಇದ್ರ ಈಗ ಅನ್ಲಿ, ನಾ ಚೆಲ್ಲತೇನಿ.”

ಮಾಳಪ್ಪ ಹಿಂದೆ ತಿರುಗಿ ನೋಡಿದ. ಸಾಲೆಲ್ಲ ಅವನನ್ನೇ ನೋಡುತ್ತಿತ್ತು. ಶಾಬುದ್ದೀನ ಹಣಮೇಶನನ್ನು ನೋಡಿದ, ಹಣಮೇಶ ಶಾಬುದ್ದೀನನನ್ನು ನೋಡಿದ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಇಷ್ಟು ದಿನ ಯಾರಿಗೆ ಅಂಜಿದ್ದರೋ ಅವನನ್ನು ಅವರೆಲ್ಲ ಹುಡುಕುತ್ತಿದ್ದರು, ಅವನು ಅಲ್ಲಿ ಇರಲೇ ಇಲ್ಲ.

“ಹಿಡಿ” ಎಂದ ಮಾಳಪ್ಪ. ಅವನ ದನಿ ಸಣ್ಣದಿತ್ತು. ಆಮೇಲೆ ಗಂಟಲು ಸರಿ ಮಾಡಿಕೊಂಡು ದೊಡ್ಡದಾಗಿ ಹೇಳಿದ, “ಒಂದ ಹೆಚ್ಚಿಗಿ ಹಿಡಿ, ಗುರುಲಿಂಗವ್ವಾ.”

ನಾಹಿದಾ ಚಹಾ ಕುಡಿದಳು. ಹಣಮೇಶ ಗಾಡಿ ಚಾಲೂ ಮಾಡಿ ಮುಂದೆ ಸರಿಸಿ ಹಿಂದೆ ಜಾಗ ಬಿಟ್ಟ. ಆಮೇಲೆ ನೋಡಬೇಕಿತ್ತು ಇವರ ಶೂರತನ! ನಾನು ಮೊದಲ ದಿನವೇ ಹೇಳಿದ್ದೆ ಎಂದು ಒಬ್ಬ, ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ ಎಂದು ಇನ್ನೊಬ್ಬ. ಗೆದ್ದೆತ್ತಿನ ಬಾಲ ಹಿಡಿಯಲು ನಾ ಮುಂದೆ ತಾ ಮುಂದೆ ಎಂದರು. ಮಧ್ಯಾಹ್ನ ಅಮೀನಗಡದವರು ಬಂದಾಗ ಗಾಡಿ ಬಾದಾಮಿ ದಾರಿಯಲ್ಲಿತ್ತು. ಅವರಿಗೆ ಚಹಾ ಕುಡಿಸಿ, ಗಾಡಿ ಮಾರಾಟಕ್ಕಿಲ್ಲ ಎಂದು ನಾನೇ ಹೇಳಿ ಕಳಿಸಿದೆ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಲೆಗೆ ನಿಂತವಳು ನಾಹಿದಾ. ಚಹಾ ಕುಡಿಸುವ ಸರದಿ ಆಕೆಯದು. ಎಷ್ಟು ಹಿಡಿಯಲಿ ಎಂದು ಕೇಳಿದೆ.

“ಸಾಲಿನವ್ರಿಗೆಲ್ಲಾ ಹಿಡೀರಿ, ಅಕ್ಕಾರ. ಮ್ಯಾಲ ಒಂದ ಹೆಚ್ಚಿಗಿ.”

ಹೊಸಬರು ಯಾರು ಬಂದರಪ್ಪಾ ಎಂದು ಬೇವಿನ ಕಡೆ ನೋಡಿದೆ. ಕೆಳಗೆ ಯಾರೂ ಇರಲಿಲ್ಲ.

“ನಿಮಗರಿ” ಎಂದಳು.

ಇಷ್ಟು ವರ್ಷ ಆ ಸಾಲಿಗೆ ಚಹಾ ಹೊತ್ತವಳು ನಾನು. ತಲೆಗೆ ನಿಂತ ಯಾವನೂ ನನಗೊಂದು ಗ್ಲಾಸು ಹಿಡಿ ಅಂದಿರಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನಾನೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂದವು, ಏನು ಮಾಡಲಿ? ಎಲ್ಲರಿಗೂ ಕೊಟ್ಟು, ಬಾಲದಲ್ಲಿದ್ದ ಶಾಬುದ್ದೀನನ ಗಾಡಿಗೆ ಒರಗಿ ನಿಂತು ನನ್ನ ಗ್ಲಾಸು ಎತ್ತಿದೆ. ಒಲೆಯ ಮುಂದೆ ಕುಡಿಯುವ ಚಹಾ ಅಲ್ಲ ಅದು. ಅಲ್ಲಿಗೆ ಬರುವಷ್ಟರಲ್ಲಿ ಆರಿ ತಣ್ಣಗಾಗಿತ್ತು. ಇಷ್ಟು ವರ್ಷ ಬಾಲದಲ್ಲಿ ನಿಂತವರೆಲ್ಲ ಅದನ್ನೇ ಕುಡಿದಿದ್ದರು, ಒಬ್ಬನೂ ನನಗೆ ಹೇಳಿರಲಿಲ್ಲ, ಖೋಡಿಗಳು.