ನಶ್ಯದ ಗುಳಿ

ಪ್ರಾರ್ಥನೆಗೆ ಎದ್ದಾಗ ಸಭೆಯೆಲ್ಲ ಕೈ ಜೋಡಿಸಿದರೆ, ಎಲ್ಮರ್ ಕಿವೆಲ ಮಾತ್ರ ತೋಳುಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿ, ಹೆಬ್ಬೆರಳುಗಳನ್ನು ಹೊರಮುಖವಾಗಿಸಿಕೊಂಡು ನೆಟ್ಟಗೆ ನಿಲ್ಲುತ್ತಿದ್ದ. ಅಂಗರಚನಾಶಾಸ್ತ್ರದ ಪಟಗಳಲ್ಲಿ ಮನುಷ್ಯ ನಿಲ್ಲುವುದು ಹಾಗೆ. ಒಳಮಗ್ಗುಲು, ಹೊರಮಗ್ಗುಲು, ಹತ್ತಿರದ ತುದಿ, ದೂರದ ತುದಿ ಎಂಬ ಹೆಸರುಗಳೆಲ್ಲ ಆ ನಿಲುವಿನಿಂದಲೇ ಹುಟ್ಟುತ್ತವೆ. ಮಿಷಿಗನ್ನಿನ ಉತ್ತರದ ಅಂಚಿನ ನಮ್ಮ ಗಣಿಯೂರಿನ ಆಸ್ಪತ್ರೆಯಲ್ಲಿ ನಲವತ್ತೊಂದು ವರ್ಷ ಮುರಿದ ಕೈಗಳಿಗೆ ಪ್ಲಾಸ್ಟರ್ ಕಟ್ಟಿ, ದಾದಿಯರಾಗಲು ಬಂದವರಿಗೆ ಮೂಳೆಗಳ ಹೆಸರು ಕಲಿಸಿದವನಿಗೆ ಆ ನಿಲುವು ಮೈಗೂಡಿಹೋಗಿತ್ತು. ಸಭೆಯಲ್ಲಿ ವಾಕ್ಯ ಬೋಧಿಸುವ ನನಗೋ ಅದು ಯಾವುದನ್ನೂ ಮುಚ್ಚಿಡದೆ ಸೃಷ್ಟಿಕರ್ತನೆದುರು ನಿಂತ ಆದಿಪುರುಷನ ನಿಲುವಿನಂತೆ ಕಾಣುತ್ತಿತ್ತು. ಎಷ್ಟು ತಪ್ಪಾಗಿ ಕಂಡಿದ್ದೆ ಎಂಬುದು ತಡವಾಗಿ ತಿಳಿಯಿತು.

ಅವನ ಕಂದು ಕೋಟಿನ ತೋಳುಗಳಲ್ಲಿ ಒಗೆದರೂ ಹೋಗದ ಪ್ಲಾಸ್ಟರಿನ ಸುಣ್ಣದ ಕಲೆಗಳಿದ್ದವು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಅಂಗಾಲನ್ನು ಪೂರ್ತಿ ಊರಿ, ಮೊಣಕಾಲು ಸಡಿಲಿಸಿ, ಬಾತುಕೋಳಿಯಂತೆ ನಡೆಯುತ್ತಿದ್ದ. ಮಂಜುಗಡ್ಡೆಯ ಮೇಲೆ ಜಾರಿದವರು ಕೈಯೂರುತ್ತಾರೆ, ಊರಿದ ಕೈ ತನ್ನ ಮೇಜಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಮುಳ್ಳುಚಮಚದಂತೆ ಡೊಂಕಾದ ಮುದುಕಿಯರ ಮಣಿಕಟ್ಟು, ಹಸಿಕಡ್ಡಿಯಂತೆ ಅರ್ಧವೇ ಸೀಳಿದ ಮಕ್ಕಳ ಮುಂಗೈ, ತುಂಡಾದ ಕೊರಳೆಲುಬು, ಎಲ್ಲವೂ ಅವನಿಗೆ ಋತುಮಾನದ ಬೆಳೆಗಳಿದ್ದಂತೆ.

ಆರಾಧನೆಯ ಬಳಿಕ ಕಾಫಿಯ ಮೇಜಿನಲ್ಲಿ ಯಾರಾದರೂ ಏಲಕ್ಕಿ ರೊಟ್ಟಿಗೆ ಕೈ ಚಾಚಿದರೆ ಸಾಕು, ಅವನ ಪಾಠ ಶುರುವಾಗುತ್ತಿತ್ತು.

"ಅಂಗೈ ಮೇಲಾದ್ರೆ ಬೇಡೋದು, ಕೆಳಗಾದ್ರೆ ಕಸಿಯೋದು. ಎರಡಕ್ಕೂ ಅವೇ ಎರಡು ಮೂಳೆ ಕಣ್ರಯ್ಯಾ. ಒಂದು ಸುಮ್ನಿರತ್ತೆ, ಇನ್ನೊಂದು ಅದರ ಮೇಲೆ ಹೊರಳತ್ತೆ."

"ರೊಟ್ಟಿ ತಿನ್ನೋಕೆ ಬಿಡೋ ಮಾರಾಯ, ಆಮೇಲೆ ಹೊರಳಿಸು," ಎಂದು ಆರ್ಗನ್ ನುಡಿಸುವ ಐಲಿ ಹೌತಲ ಗದರುತ್ತಿದ್ದಳು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು.

ಆ ಐಲಿಯೇ ಒಂದು ಡಿಸೆಂಬರಿನಲ್ಲಿ ದೇವಾಲಯದ ಮೆಟ್ಟಿಲಲ್ಲಿ ಜಾರಿ ಬಲಗೈಯೂರಿ ಬಿದ್ದು, ಎಲ್ಮರನ ಮೇಜಿಗೆ ಬಂದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಪಾಳಿಯ ವೈದ್ಯ, ಎಲ್ಮರನ ಕೈಗುಣದಲ್ಲಿ ನಂಬಿಕೆಯಿಟ್ಟು, "ನೀವೇ ಒತ್ತಿ ನೋಡಿ, ನೀವು ಹೇಳಿದ ಹಾಗೇ ಮಾಡೋಣ," ಎಂದು ಮುಂದಿನ ಕೋಣೆಗೆ ನಡೆದ. ಹೆಬ್ಬೆರಳನ್ನೆತ್ತಿದಾಗ ಅದರ ಬುಡದಲ್ಲೊಂದು ಗುಳಿ ಮೂಡುತ್ತದೆ. ಹಿಂದಿನವರು ನಶ್ಯವನ್ನು ಅಲ್ಲಿಟ್ಟು ಮೂಗಿಗೇರಿಸುತ್ತಿದ್ದರಂತೆ. ಅದರ ತಳದಲ್ಲಿ ದೋಣಿಯಾಕಾರದ ಪುಟ್ಟ ಮೂಳೆಯೊಂದಿದೆ. ಅದಕ್ಕೆ ರಕ್ತ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಹರಿಯುವುದರಿಂದ, ನಡುವೆ ಬಿರಿದರೆ ಹಿಂದಿನ ಅರ್ಧ ನೀರು ಕಾಣದ ಗಿಡದಂತೆ ಸಾಯುತ್ತದೆ. ಬಿರುಕು ಎರಡು ವಾರ ಎಕ್ಸ್‌ರೇಗೂ ಕಾಣದಿರಬಹುದು. 'ಗುಳಿಯಲ್ಲಿ ನೋವಿದ್ದರೆ ಪಟ ಏನೇ ಹೇಳಲಿ, ಪ್ಲಾಸ್ಟರ್ ಹಾಕಿ' ಎಂದು ಅವನೇ ತಲೆಮಾರುಗಳಿಗೆ ಬೋಧಿಸಿದ್ದ.

ಅವನು ಒತ್ತಿದ. ಐಲಿಯ ರೆಪ್ಪೆ ಅದುರಿತು.

"ನೋಯಲ್ಲ ಕಣೋ. ಕ್ರಿಸ್ಮಸ್ಸಿಗೆ ಒಂಬತ್ತೇ ದಿನ ಇದೆ. ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಮೆತ್ತಿದ್ರೆ ಆರ್ಗನ್ ಏನು ಮೂಗಲ್ಲಿ ನುಡಿಸ್ಲಾ?"

ಅವನು ನಕ್ಕ, ಬಟ್ಟೆಯ ಪಟ್ಟಿ ಸುತ್ತಿ ಕಳಿಸಿದ.

ಆ ಕ್ರಿಸ್ಮಸ್ಸಿನ ಗೀತೆಗಳಿಗೆ ನಾನು ಕಣ್ಣೀರಿಟ್ಟಿದ್ದೆ. ಹಿಮ ಕರಗುವ ಹೊತ್ತಿಗೆ ಆ ಮೂಳೆಯ ಅರ್ಧ ಸತ್ತಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಮಣಿಕಟ್ಟಿನ ಮೂಳೆಗಳನ್ನು ಒಂದಾಗಿ ಬೆಸೆದುಬಿಟ್ಟರು. ಅದು ಮತ್ತೆ ಮಡಿಯಲಿಲ್ಲ. ಅನಂತರ ಐಲಿ ಎಡಗೈ ಮತ್ತು ಪಾದಗಳಿಂದಷ್ಟೇ ನುಡಿಸಿದಳು, ಬಲಗೈ ನುಡಿಸುತ್ತಿದ್ದ ಮೇಲಿನ ಸ್ವರವಿಲ್ಲದೆ. ಎಲ್ಮರ್ ಪ್ರತಿ ಭಾನುವಾರ ಆರ್ಗನ್ನಿನ ಪಕ್ಕದ ಬೆಂಚಿನಲ್ಲೇ ಕೂತು ಆ ಇಲ್ಲದ ಸ್ವರವನ್ನು ಕೇಳಿದ.

ಒಂದು ಶನಿವಾರ ಸೌನಾ ಎಂಬ ನಮ್ಮ ಹಬೆಸ್ನಾನದ ಕೋಣೆಯ ಬಿಸಿ ಕಲ್ಲುಗಳೆದುರು, ಬರಿಮೈಯಲ್ಲಿ, ಅವನು ಇಷ್ಟನ್ನೂ ನನಗೆ ಹೇಳಿದ. ಪಾಪ ಒಪ್ಪಿಕೊಂಡವನ ಹೆಗಲ ಮೇಲೆ ಕೈಯಿಟ್ಟು ಕ್ಷಮೆ ಸಾರುವುದು ನಮ್ಮ ಸಭೆಯಲ್ಲಿ ಯಾವ ವಿಶ್ವಾಸಿಯಾದರೂ ಮಾಡಬಹುದಾದ ಸೇವೆ. ನಾನು ಕೈಯೆತ್ತಿದೆ. ಅವನು ಹೆಗಲು ಸರಿಸಿದ.

"ಐಲಿ ಕ್ಷಮಿಸಿದ್ದಾಳಲ್ಲೋ," ಎಂದೆ. "ಮನಸ್ಸಲ್ಲಿ ಏನೂ ನೋವಿಲ್ಲ ಅಂತ ನನ್ನ ಹತ್ರಾನೇ ಹೇಳಿದ್ಲು."

"ಅವತ್ತೂ ಹಾಗೇ ಹೇಳಿದ್ಲು," ಎಂದು ಕಲ್ಲಿಗೆ ನೀರೆರೆದ. ಹಬೆಯಲ್ಲಿ ಅವನ ಮುಖ ಕಾಣಲಿಲ್ಲ.

ಹೋದ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಶವಪೆಟ್ಟಿಗೆಯಲ್ಲಿ ಯಾರೋ ಅವನ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಐಲಿ ಬಹಳ ಹೊತ್ತು ನೋಡಿ, ಎಡಗೈಯಿಂದ ಅವನ್ನು ಬಿಡಿಸಿ, ಪಕ್ಕಕ್ಕಿಳಿಸಿ, ಅಂಗೈಗಳನ್ನು ಮೇಲಕ್ಕೆ ತಿರುಗಿಸಿದಳು. "ನೋಯ್ತಿತ್ತು ಕಣೋ," ಎಂದಳು ಮೆಲ್ಲಗೆ. ಅವನು ಬದುಕಿರುವಾಗ ಆಡಬೇಕಿದ್ದ ಮಾತು ಅದು, ಆಡಿಸಬೇಕಿದ್ದವನು ನಾನು.

ಪರರ ಎಲುಬು ಕೂಡಿಸುವ ಇಂಥವರನ್ನು ನಾವು ಗಟ್ಟಿಗರೆಂದೇ ಬಗೆಯುತ್ತೇವೆ. ಅವರ ಕೈಗೆ ನೋವನ್ನೊಪ್ಪಿಸಿ ಮನೆಗೆ ಹೋಗುತ್ತೇವೆ; ನಮ್ಮ ರೆಪ್ಪೆಯ ಅದುರೊಂದನ್ನು ಅವರು ಸಾಯುವತನಕ ಹೊರುತ್ತಾರೆ. ಅವರೆದುರು ಸಮಾಧಾನದ ವಾಕ್ಯ ಹಿಡಿದು ನಿಲ್ಲುವ ನಾವು, ಎಲ್ಲಿ ನೋಯುತ್ತದೆಂದು ಒಮ್ಮೆಯೂ ಒತ್ತಿ ನೋಡುವುದಿಲ್ಲ.