ಕಿವಿಗೊಂದು ಪುಟ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಆವತ್ತಂತೂ ಲ್ಯಾಪ್‌ಟಾಪ್ ಮುಚ್ಚಿದ ರಭಸಕ್ಕೆ ಮೇಜಿನ ಮೇಲಿದ್ದ ಕನ್ನಡಕ ಹಾರಿ ಕೆಳಗೆ ಬಿತ್ತು.

"ಏನೇ ಇದು? ನಾನು ಬರೆದಿದ್ದು ಹತ್ತು ಪುಟ. ನೀನು ಎಳೆದೂ ಎಳೆದೂ ನೂರು ಮಾಡಿದೀಯ! ಪುಟಕ್ಕೆ ಒಂದೇ ಸಾಲು, ಮಿಕ್ಕಿದ್ದೆಲ್ಲ ಬರೀ ಬಯಲು. ಓದೋರೇನು ಒಂದನೇ ಕ್ಲಾಸಿನ ಮಕ್ಕಳಾ?"

"ಮಕ್ಕಳಲ್ಲ ಅಕ್ಕ. ಆದರೆ ಓದೋರ ಕೈ ಖಾಲಿ ಇರಲ್ಲ," ಎಂದಳು ತಂಗಿ ತಣ್ಣಗೆ.

ಅಕ್ಕ ಆಸ್ಪತ್ರೆಯಲ್ಲಿ ಜೀವ ತೇದ ನರ್ಸು. ನಿವೃತ್ತಿಯಾದ ಮೇಲೆ, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ, ಫೋನಿನಲ್ಲಿ ಓದುವಂಥ ಕೈಪಿಡಿಯೊಂದನ್ನು ಬರೆದಿದ್ದಳು. ಇಂಥ ಡಿಜಿಟಲ್ ಪುಸ್ತಕಗಳನ್ನು ಕಣ್ಣಿಗೆ ಹಿತವಾಗುವಂತೆ ಜೋಡಿಸುವುದೇ ತಂಗಿಯ ಕಸುಬು. ಮರುದಿನ ಅದು ಜಾಲತಾಣಕ್ಕೆ ಏರಬೇಕು. ಯಾರ ಜೋಡಣೆಯಲ್ಲಿ ಎಂಬುದೇ ಜಗಳ. ತನ್ನ ಇಡೀ ಜೀವಮಾನದ ದುಡಿಮೆ ಮಕ್ಕಳಾಟದಂತೆ ಕಾಣುತ್ತದಲ್ಲ ಎಂಬುದು ಅಕ್ಕನ ಸಂಕಟ.

"ಸರಿ, ನೋಡೇ ಬಿಡೋಣ," ಎಂದಳು ತಂಗಿ. "ನೀನು ಮಲಕ್ಕೋ. ನೀನೇ ರೋಗಿ. ಬಲಭಾಗಕ್ಕೆ ಸ್ವಾಧೀನ ಇಲ್ಲ, ಬಾಯಿಗೆ ಮಾತಿಲ್ಲ. ಭಾವ ನಿನ್ನ ಎಡಮಗ್ಗುಲಿಗೆ ತಿರುಗಿಸ್ಲಿ. ಮೊದಲು ನಿನ್ನ ಪುಟ ನೋಡ್ಕೊಂಡು, ಆಮೇಲೆ ನನ್ನದು."

ಅಕ್ಕನ ಗಂಡ ಬಸ್ಸು ಓಡಿಸಿ ನಿವೃತ್ತರಾದವರು. "ಬಸ್ಸಾದ್ರೆ ತಿರುಗಿಸ್ತೀನಮ್ಮ. ನಿಮ್ಮಕ್ಕನ್ನ ತಿರುಗಿಸೋದು ನನ್ನ ಕೈಲಾಗೋ ಹಾಗಿದ್ರೆ ಯಾವತ್ತೋ ತಿರುಗಿಸ್ತಿದ್ದೆ," ಎನ್ನುತ್ತಲೇ ಎದ್ದು ಬಂದರು.

ಮೊದಲ ಸರದಿ ನಗೆಪಾಟಲಾಯಿತು. ಒಂದು ಕೈಯಲ್ಲಿ ಫೋನು. ತಿರುಗಿಸಲು ಎರಡೂ ಕೈ ಬೇಕು. ಫೋನನ್ನು ಹೆಂಡತಿಯ ಹೊಟ್ಟೆಯ ಮೇಲಿಟ್ಟರು. ಹೆಬ್ಬೆರಳು ತಾಗಿ ಅಕ್ಷರಗಳೆಲ್ಲ ಸರ್ರನೆ ಮೇಲಕ್ಕೋಡಿದವು. "ಮಂಡಿ ಮಡಿಸಿ... ಮಂಡಿ... ಅಯ್ಯೋ, ಎಲ್ಲೋಯ್ತು ಆ ಸಾಲು?" ಎಂದು ತಡಕಾಡಿ, ಕೊನೆಗೆ ಅಂದಾಜಿನ ಮೇಲೆ ಉರುಳಿಸಿಯೇಬಿಟ್ಟರು. ಫೋನು ನೆಲಕ್ಕೆ ಬಿತ್ತು, ಅಕ್ಕನ ಎಡತೋಳು ಮೈಯಡಿ ಸಿಕ್ಕಿಕೊಂಡಿತು. ಅವರು ಮತ್ತೆ ಮೊದಲಿಂದ ಓದಿ ಮುಗಿಸುವಷ್ಟರಲ್ಲಿ ತೋಳು ಜೋಮು ಹಿಡಿಯಿತು. ಮಾತಾಡುವಂತಿಲ್ಲ ಎಂಬ ನಿಯಮಕ್ಕೆ ಅಕ್ಕ ಹಲ್ಲು ಕಚ್ಚಿಕೊಂಡು ಮಲಗಿದ್ದಳು.

ಎರಡನೆಯ ಸರದಿಗೆ ತಂಗಿ ಫೋನನ್ನು ಸ್ಟೂಲಿನ ಮೇಲಿದ್ದ ನೀರಿನ ಜಗ್ಗಿಗೆ ಒರಗಿಸಿಟ್ಟಳು. ಅವಳು ಕೆಲಸ ಮಾಡುವುದೇ ಹಾಗೆ. ಪ್ರತಿ ಪುಟವನ್ನೂ ಜಗ್ಗಿಗೆ ಒರಗಿಸಿ, ದೂರ ನಿಂತು, ಫೋನು ಮುಟ್ಟಲಾಗದಂತೆ ಎರಡೂ ಕೈ ಒದ್ದೆ ಮಾಡಿಕೊಂಡು ಓದುತ್ತಾಳೆ. ಓದಲಾಗದಿದ್ದರೆ ಅಕ್ಷರ ಹಿಗ್ಗುತ್ತದೆ, ಸಾಲು ಕುಗ್ಗುತ್ತದೆ.

"ಪುಟ ತಿರುಗಿಸೋಕೆ ಮೊಣಕೈ ತಾಗಿಸಿ ಸಾಕು, ಭಾವ."

ರೋಗಿಯ ಎಡಗಡೆ ನಿಲ್ಲಿ. ನಿಂತರು. ಎಡತೋಳನ್ನು ಮೈಯಿಂದ ದೂರ ಸರಿಸಿ. ಸರಿಸಿದರು. ಬಲಮಂಡಿ ಮಡಿಸಿ. ಬಲಭುಜ, ಬಲಸೊಂಟ ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ದಾರಿಬದಿಯ ಬೋರ್ಡು ಓದಿಕೊಂಡು ಬಸ್ಸು ಓಡಿಸುವವರಂತೆ ನಿರಾಳವಾಗಿ ಮಾಡುತ್ತಾ ಹೋದರು. ಬೆನ್ನಿಗೆ ದಿಂಬೂ ಬಂತು. ಅಕ್ಕನಿಗೆ ಆಶ್ಚರ್ಯ. ಮಾತೆಲ್ಲ ಅವಳದೇ, ತಂಗಿ ಒಂದನ್ನೂ ಬದಲಿಸಿರಲಿಲ್ಲ. ಅಬ್ಬಾ, ಎಂಥ ಕೆಲಸಗಾರ್ತಿ ಇವಳು, ಎಂದುಕೊಂಡಳು ಮನಸ್ಸಿನಲ್ಲೇ.

ಆಗ ಗಂಡ ಬಗ್ಗಿ, ಅವಳ ಕೆನ್ನೆಯಡಿ ಬೆರಳು ತೂರಿಸಿ, ಮಡಿಚಿಕೊಂಡಿದ್ದ ಕಿವಿಯನ್ನು ಮೆಲ್ಲಗೆ ಬಿಡಿಸಿದರು. ಅಕ್ಕ ಕಣ್ಣು ಹೊರಳಿಸಿ ಫೋನು ನೋಡಿದಳು. ಬಿಳಿ ಪರದೆಯ ನಡುವೆ ಒಂದೇ ಸಾಲು:

ಕಿವಿ ಮಡಿಚಿಕೊಂಡಿದೆಯೇ, ನೋಡಿ.

ಅಕ್ಕನ ಜೋಡಣೆಯಲ್ಲಿ ಆ ಸಾಲು ಹಾಸಿಗೆ ಬಟ್ಟೆಯ ಮಾತಿಗೂ ಪೌಡರಿನ ಮಾತಿಗೂ ನಡುವೆ ಎಲ್ಲೋ ಹೂತುಹೋಗಿತ್ತು. ಅದನ್ನು ಬರೆದದ್ದು ಅಮ್ಮನ ನೆನಪಿನಲ್ಲಿ. ಹಾಸಿಗೆ ಹಿಡಿದು ಮಾತು ನಿಂತುಹೋಗಿದ್ದ ಅಮ್ಮ ಒಮ್ಮೆ ಇಡೀ ರಾತ್ರಿ ಮಡಿಚಿದ ಕಿವಿಯ ಮೇಲೆ ಮಲಗಿದ್ದಳು; ಬೆಳಿಗ್ಗೆ ನೋಡಿದರೆ ಹುಣ್ಣು. ಆ ರಾತ್ರಿ ಅಕ್ಕತಂಗಿ ಇಬ್ಬರೂ ಅದೇ ಕೋಣೆಯಲ್ಲಿದ್ದರು. ಆಮೇಲೆ ಒಂದು ದಿನವೂ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಲೇ..." ನಿಯಮ ಮರೆತು ಅಕ್ಕ ಬಾಯಿಬಿಟ್ಟಳು. "ಇದಕ್ಕೆ ಇಡೀ ಪುಟ ಕೊಟ್ಟಿದೀಯಲ್ಲೇ."

"ನೀನು ಅಮ್ಮನ್ನ ನೆನೆಸ್ಕೊಂಡು ಬರೆದಿದ್ದಲ್ವಾ ಅಕ್ಕ? ಗುಂಪಲ್ಲಿ ಕಳೆದುಹೋಗಿತ್ತು."

"ರೋಗಿ ಮಾತಾಡೋ ಹಾಗಿಲ್ಲ!" ಎಂದರು ಗಂಡ.

"ನೀವು ಸುಮ್ನಿರ್ರೀ," ಎಂದು ಗದರಿ, ಅಕ್ಕ ಕಣ್ಣೀರನ್ನು ದಿಂಬಿಗೆ ಒರೆಸಿಕೊಂಡಳು. "ಲೇ, ಆ ಸಾಲಿನ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡೇ."